ನಿಮಗಿದು ಗೊತ್ತೇ? ತಿಮಿಂಗಿಲದ ಕೂಗಿಗೆ ಯಾರು ಓಗೊಡುತ್ತಾರೆ?

ಬೆಂಗಳೂರಿನ ಬಾಗಲೂರಿನಿಂದ ಮಂಗಳೂರಿನ ಕಡಲಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಈ ದೂರವೆಲ್ಲ ನೀರೇ ಆಗಿದ್ದು, ಆ ತುದಿಯಲ್ಲಿ ನೀಲಿ ತಿಮಿಂಗಿಲವೊಂದು ಕೂಗಿದ್ದರೆ, ಮೂರೂವರೆ ನಿಮಿಷದೊಳಗೆ ಆ ದನಿ ಬಾಗಲೂರು ಕೆರೆಯ ಏರಿ ಮುಟ್ಟುತ್ತಿತ್ತು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ. ನೀಲಿ ತಿಮಿಂಗಿಲದ ಮಂದ್ರ ದನಿ ಸಮುದ್ರದಲ್ಲಿ ನೂರಾರು ಕಿಲೋಮೀಟರ್ ದಾಟುವುದು ಮಾಮೂಲು. ಅದರ ಹಲವು ಸ್ವರಗಳು 20 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತವೆ. ಮನುಷ್ಯನ ಕಿವಿ ಹಿಡಿಯುವ ಕೆಳಮಿತಿಯೂ ಅದೇ. ಹಾಗಾಗಿ ನಮಗೆ ಕೇಳಿಸಬೇಕಾದರೆ ಧ್ವನಿಮುದ್ರಣವನ್ನು ವೇಗವಾಗಿ ಓಡಿಸಬೇಕು.

ತಿಮಿಂಗಿಲ ಬಾಯಿ ತೆರೆದು ಕೂಗುವುದಿಲ್ಲ. ಕೂಗಲು ಗುಳ್ಳೆ ಬಿಡಬೇಕಾಗಿಯೂ ಇಲ್ಲ. ಹಲ್ಲಿರುವ ಜಾತಿಗಳು, ಅಂದರೆ ಸ್ಪರ್ಮ್ ತಿಮಿಂಗಿಲ, ಡಾಲ್ಫಿನ್, ಓರ್ಕಾ ಇವೆಲ್ಲ, ಮೂಗಿನ ನಾಳದಲ್ಲಿರುವ ತುಟಿಯಂಥ ಮಡಿಕೆಗಳನ್ನು ಕಂಪಿಸಿ ದನಿ ಹೊರಡಿಸುತ್ತವೆ. ಹಲ್ಲಿಲ್ಲದೆ ನೀರು ಸೋಸಿ ಉಣ್ಣುವ ನೀಲಿ, ಹಂಪ್‌ಬ್ಯಾಕ್ ಮುಂತಾದವು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ಬಳಸುತ್ತವೆ. ಅದರೊಳಗೆ ಕೊಬ್ಬಿನ ದಿಂಬೊಂದಿದೆ, ಅದಕ್ಕೆ ಒತ್ತಿಕೊಂಡೇ ಕಂಪನ ಹುಟ್ಟುತ್ತದೆ ಎಂದು ಖಚಿತವಾದದ್ದು 2024ರಲ್ಲಿ. ಅಷ್ಟು ತಡವಾಗಲು ಕಾರಣವುಂಟು. ದಡಕ್ಕೆ ಬಂದು ಸತ್ತ ತಿಮಿಂಗಿಲದ ಧ್ವನಿಪೆಟ್ಟಿಗೆ ಕೊಳೆಯುವ ಮೊದಲೇ ಸಂಶೋಧಕರ ಕೈಗೆ ಸಿಗಬೇಕಿತ್ತು.

ಕನ್ನಡವೂ ತಿಮಿಂಗಿಲದ ದನಿಯೂ ಒಂದೇ ತಟ್ಟೆಯಲ್ಲಿ ಸೌರಮಂಡಲದ ಆಚೆ ಹೋಗುತ್ತಿವೆ! 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿತಟ್ಟೆಗಳಿವೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡಿಗರ ಪರವಾದ ನಮಸ್ಕಾರವೂ ಒಂದು. ಅದೇ ತಟ್ಟೆಯಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಗಳ ಮಾತಿನ ನಡುವೆ ಹಂಪ್‌ಬ್ಯಾಕ್ ತಿಮಿಂಗಿಲದ ಹಾಡನ್ನು ಬೆರೆಸಿದ್ದಾರೆ. ಗೋವಾದಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಜತೆಗಿದೆ.

ಹಾಡು ಎಂದು ಕರೆದದ್ದು ಬರೀ ಮೆಚ್ಚುಗೆಗಲ್ಲ. ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ ಹಂಪ್‌ಬ್ಯಾಕ್‌ನ ದನಿಗೆ ಕಟ್ಟು ಇದೆ. ಸ್ವರಗಳು ಸೇರಿ ಒಂದು ಸಾಲು, ಸಾಲುಗಳು ಮರುಕಳಿಸಿ ಒಂದು ಭಾಗ, ಭಾಗಗಳು ಗೊತ್ತಾದ ಅನುಕ್ರಮದಲ್ಲಿ ಸೇರಿ ಒಂದು ಹಾಡು. ಮುಗಿದ ಕೂಡಲೇ ಮತ್ತೆ ಮೊದಲಿಂದ. ಹೀಗೆ ಗಂಟೆಗಟ್ಟಲೆ ನಡೆಯುತ್ತದೆ.

ಹಾಡುವುದು ಗಂಡು ಮಾತ್ರ, ಅದೂ ಹೆಚ್ಚಾಗಿ ಬೆದೆಯ ಕಾಲದಲ್ಲಿ. ಒಂದು ಪ್ರದೇಶದ ಗಂಡುಗಳೆಲ್ಲ ಒಂದೇ ಹಾಡು ಹಾಡುತ್ತವೆ. ಕಾಲಕ್ರಮದಲ್ಲಿ ಆ ಹಾಡು ಬದಲಾದರೆ ಎಲ್ಲವೂ ಒಟ್ಟಿಗೇ ಬದಲಾಯಿಸಿಕೊಳ್ಳುತ್ತವೆ.

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ 1990ರ ದಶಕದಲ್ಲಿ ಇದಕ್ಕಿಂತ ದೊಡ್ಡದೇ ನಡೆಯಿತು. ಪಶ್ಚಿಮ ಕರಾವಳಿಯ ಹಾಡನ್ನು ಹಾಡುವ ಒಂದೆರಡು ಗಂಡುಗಳು ಪೂರ್ವದವರ ನಡುವೆ ಕಾಣಿಸಿಕೊಂಡವು. ಎರಡು ವರ್ಷ ತುಂಬುವಷ್ಟರಲ್ಲಿ ಪೂರ್ವದವರೆಲ್ಲ ತಮ್ಮ ಹಳೆಯ ಹಾಡನ್ನು ಕೈಬಿಟ್ಟು ಬಂದವರ ಹಾಡನ್ನೇ ಹಿಡಿದಿದ್ದರು. ರಕ್ತಸಂಬಂಧದಿಂದ ಬರುವ ಗುಣ ಹೀಗೆ ಎರಡು ವರ್ಷದಲ್ಲಿ ಹರಡುವುದಿಲ್ಲ. ಇದು ಕಿವಿಯಿಂದ ಕಿವಿಗೆ ಹೋದ ಕಲಿಕೆ.

ಇನ್ನು ನಮ್ಮದೇ ಕಡಲಿಗೆ ಬರೋಣ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳು ಜಗತ್ತಿನ ಉಳಿದೆಲ್ಲ ಹಂಪ್‌ಬ್ಯಾಕ್‌ಗಳಿಂದ ಬೇರೆಯಾಗಿ ನಿಂತಿವೆ. ಉಳಿದವು ಬೇಸಿಗೆಯಲ್ಲಿ ಧ್ರುವದ ಕಡೆ ಉಣ್ಣಲು ಹೋಗಿ, ಚಳಿಗಾಲದಲ್ಲಿ ಬೆಚ್ಚನೆಯ ನೀರಿಗೆ ಮರಿಹಾಕಲು ಬರುತ್ತವೆ. ಇವು ಹಾಗೆ ವಲಸೆ ಹೋಗುವುದಿಲ್ಲ. ಮುಂಗಾರು ಗಾಳಿ ಕಡಲಾಳದ ಸತ್ವವನ್ನು ಮೇಲೆತ್ತುವುದರಿಂದ ಊಟವೂ ಇಲ್ಲೇ, ಸಂಸಾರವೂ ಇಲ್ಲೇ. ಸುಮಾರು 70,000 ವರ್ಷಗಳಿಂದ ಇವು ಬೇರೆಯವರೊಂದಿಗೆ ಬೆರೆತಿಲ್ಲ ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಒಮಾನ್ ತೀರದ ಅಂದಾಜಿನ ಪ್ರಕಾರ ಉಳಿದಿರುವುದು ನೂರರ ಆಸುಪಾಸು. 1966ರ ನವೆಂಬರಿನಲ್ಲಿ ಸೋವಿಯತ್ ಬೇಟೆ ಹಡಗುಗಳು ಇದೇ ಸಮುದ್ರದಲ್ಲಿ ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕಾನೂನು ಮೀರಿ ಕೊಂದವು. ಒಂದೇ ತಿಂಗಳಲ್ಲಿ ಕೊಂದ ಆ ಲೆಕ್ಕ ಇವತ್ತು ಬದುಕಿರುವ ಲೆಕ್ಕಕ್ಕಿಂತ ದೊಡ್ಡದು. ಎಷ್ಟು ಸಲ ಓದಿದರೂ ಈ ಸಂಖ್ಯೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್‌ಗೆ 2017ರ ನವೆಂಬರಿನಲ್ಲಿ ಒಮಾನ್ ತೀರದಲ್ಲಿ ಉಪಗ್ರಹ ಟ್ಯಾಗ್ ಅಂಟಿಸಿದ್ದರು. ಮುಂದಿನ ತಿಂಗಳು ಅವಳು ಸಮುದ್ರ ದಾಟಿ ಗೋವಾದ ಎದುರಿಗಿದ್ದಳು! ಅಲ್ಲಿಂದ ಕರಾವಳಿಗುಂಟ ತೆಂಕಣಕ್ಕೆ ಇಳಿದು, ಭಾರತದ ತುದಿಯವರೆಗೂ ಹೋಗಿ, ಮತ್ತೆ ಒಮಾನ್ ಕಡೆ ಮರಳಿದಳು. ಅಂದರೆ ಕಾರವಾರ, ಹೊನ್ನಾವರ, ಉಡುಪಿ, ಮಂಗಳೂರುಗಳ ಎದುರಿನ ನೀರನ್ನು ಹಾದೇ ಹೋಗಿದ್ದಾಳೆ. ಗೋವಾ ತೀರದಲ್ಲಿ ನೀರೊಳಗೆ ಇಳಿಬಿಟ್ಟ ಮೈಕುಗಳು ಗಂಡು ಹಂಪ್‌ಬ್ಯಾಕ್‌ಗಳ ಹಾಡನ್ನೂ ಹಿಡಿದಿವೆ. ಕಾರವಾರದಿಂದ ಅದು ದೂರವೇನಲ್ಲ.

ನೀಲಿ ತಿಮಿಂಗಿಲಗಳಲ್ಲಿ ಪ್ರದೇಶಕ್ಕೊಂದು ಹಾಡು. ಹಂಪ್‌ಬ್ಯಾಕ್‌ನಂತೆ ಅದು ವರ್ಷವರ್ಷ ಹೊಸದಾಗುವುದಿಲ್ಲ. ಹೀಗಾಗಿ ಹಾಡು ಕೇಳಿ ಅದು ಯಾವ ಬಳಗದ್ದು ಎಂದು ಗುರುತಿಸಬಹುದು. ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟಾಫರ್ಡ್ ಲಕ್ಷದ್ವೀಪದ ಕವರಟ್ಟಿ ಬಳಿ ಮೈಕು ಇಳಿಸಿ ನೀಲಿ ತಿಮಿಂಗಿಲದ ಹಾಡನ್ನು ದಾಖಲಿಸಿ 2021ರಲ್ಲಿ ಪ್ರಕಟಿಸಿದರು. ಅದು ಶ್ರೀಲಂಕಾ ಕಡೆಯ ಬಳಗದ ಹಾಡು. ಅದಕ್ಕೆ ಒಂದು ವರ್ಷ ಹಿಂದಷ್ಟೇ, 2020ರಲ್ಲಿ, ಒಮಾನ್ ಮತ್ತು ಪಶ್ಚಿಮ ಹಿಂದೂ ಮಹಾಸಾಗರದಿಂದ ಇನ್ನೊಂದು ಹಾಡು ವರದಿಯಾಗಿತ್ತು. ಅದನ್ನು ಆ ತನಕ ಯಾರೂ ಗುರುತಿಸಿರಲಿಲ್ಲ. ಮೂವತ್ತು ಮೀಟರ್ ಉದ್ದದವರೆಗೂ ಬೆಳೆಯಬಲ್ಲ ಪ್ರಾಣಿಯ ಇಡೀ ಒಂದು ಬಳಗ ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು.

ಇದೇ ಸ್ಟಾಫರ್ಡ್ ಆರ್ಕ್‌ಟಿಕ್‌ನ ಬೋಹೆಡ್ ತಿಮಿಂಗಿಲಗಳಿಂದ 184 ಬೇರೆಬೇರೆ ಹಾಡುಗಳನ್ನು ಎಣಿಸಿದವರು.

ಹಾಡು ಒಂದು ಬಗೆ, ಕೂಗು ಇನ್ನೊಂದು ಬಗೆ. ಹಾಡು ಉದ್ದ, ಕಟ್ಟಿದ್ದು, ಗಂಡಿನದು. ಕೂಗು ಗಿಡ್ಡ, ಗಂಡು ಹೆಣ್ಣು ಮರಿ ಎಲ್ಲರದು. ಬಳಕೆಯೂ ಸಂದರ್ಭಕ್ಕೆ ತಕ್ಕಂತೆ. ಅರ್ಥ ಹುಡುಕುವವರಿಗೆ ಹಾಡಿಗಿಂತ ಕೂಗೇ ಹೆಚ್ಚು ದಾರಿ ತೋರಿದೆ ಎಂದು ನನಗನಿಸುತ್ತದೆ. ಅದು ಯಾವಾಗ ಹೊರಟಿತು, ಕೇಳಿದವರು ಏನು ಮಾಡಿದರು ಎಂಬುದು ಕೂಗಿನ ಪಕ್ಕದಲ್ಲೇ ಸಿಗುತ್ತದೆ.

ಅಲಾಸ್ಕಾದ ಆಗ್ನೇಯ ತೀರದಲ್ಲಿ ಹಂಪ್‌ಬ್ಯಾಕ್‌ಗಳು ಗುಂಪಾಗಿ ಹೆರಿಂಗ್ ಮೀನು ಹಿಡಿಯುವಾಗ ಒಂದು ತಿಮಿಂಗಿಲ ಮೀನಿನ ಹಿಂಡಿನ ಸುತ್ತ ಗುಳ್ಳೆಗಳ ಬಲೆ ಹೆಣೆಯುತ್ತದೆ. ಆಗ ಉದ್ದನೆಯ, ಏರುಪೇರಿಲ್ಲದ ಕೂಗು ಕೇಳಿಬರುತ್ತದೆ. ಬೆದರಿದ ಹೆರಿಂಗ್ ಒತ್ತೊತ್ತಾಗಿ ಮೇಲೇಳುತ್ತದೆ. ಕೂಗು ನಿಂತ ಬೆನ್ನಿಗೇ ಎಲ್ಲ ತಿಮಿಂಗಿಲಗಳೂ ಬಾಯಿ ತೆರೆದು ಒಟ್ಟಿಗೆ ಮೇಲೆ ನುಗ್ಗುತ್ತವೆ.

ಪಿಸುಮಾತೂ ಇದೆ. ಆಸ್ಟ್ರೇಲಿಯಾದ ಎಕ್ಸ್‌ಮತ್ ಕೊಲ್ಲಿಯಲ್ಲಿ ಹಂಪ್‌ಬ್ಯಾಕ್ ಮರಿಗಳ ಮೈಗೆ ಮೈಕು ಅಂಟಿಸಿ ಕೇಳಿದಾಗ, ತಾಯಿ-ಮರಿಗಳ ನಡುವಿನ ದನಿ ನೂರು ಮೀಟರ್ ಆಚೆ ಕೇಳದಷ್ಟು ಮೆಲ್ಲಗಿತ್ತು. ಮರಿಯನ್ನು ಹೊಂಚುವ ಓರ್ಕಾಗಳಿಗೂ, ತಾಯಿಯ ಹಿಂದೆ ಬೀಳುವ ಗಂಡುಗಳಿಗೂ ಸುಳಿವು ಸಿಗದಿರಲು ಇದೇ ದಾರಿ. ಆ ವರದಿ ಬಂದದ್ದು 2017ರಲ್ಲಿ.

ಮನುಷ್ಯರು ತಿಮಿಂಗಿಲವನ್ನು ಕೂಗಿ ಕರೆದು ಉತ್ತರ ಪಡೆದದ್ದುಂಟೇ? 2021ರ ಆಗಸ್ಟಿನಲ್ಲಿ ಅಲಾಸ್ಕಾದಲ್ಲಿ ಬ್ರೆಂಡಾ ಮೆಕೋವನ್, ಫ್ರೆಡ್ ಶಾರ್ಪ್ ಮತ್ತು ಜತೆಗಾರರು ಹಿಂದಿನ ದಿನ ಅಲ್ಲೇ ದಾಖಲಿಸಿದ್ದ ಸಂಪರ್ಕದ ಕೂಗೊಂದನ್ನು ದೋಣಿಯಿಂದ ನೀರಿಗೆ ಬಿಟ್ಟರು. ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ಹಂಪ್‌ಬ್ಯಾಕ್‌ಗಳು ಬಳಸುವ ಕೂಗು ಅದು. ಟ್ವೈನ್ ಎಂಬ 38 ವರ್ಷದ ಹೆಣ್ಣು ಗುಂಪು ಬಿಟ್ಟು ದೋಣಿಯ ಬಳಿ ಬಂದಳು. ಸುತ್ತು ಹಾಕಿದಳು. ಓಗೊಟ್ಟಳು. ಸುಮಾರು ಇಪ್ಪತ್ತು ನಿಮಿಷ, 36 ಸಲ ಕೂಗು ಬಿಟ್ಟರು. ಇವರು ಎಷ್ಟು ಹೊತ್ತು ತಡೆದು ಕೂಗುತ್ತಾರೋ ಅವಳೂ ಅಷ್ಟೇ ಹೊತ್ತು ತಡೆದು ಉತ್ತರಿಸುತ್ತಿದ್ದಳು. ನಡುವೆ ಅವಳಲ್ಲಿ ಕಳವಳದ ಲಕ್ಷಣ ಕಂಡಿತು. ಕೊನೆಗೆ ಅವಳಾಗಿಯೇ ದೂರ ಹೋದಳು. ಪತ್ರಿಕೆಗಳು ಇದನ್ನು ತಿಮಿಂಗಿಲದೊಂದಿಗೆ ಮಾತುಕತೆ ಎಂದು ಕೊಂಡಾಡಿದವು. ನನಗೆ ಮುಖ್ಯವೆನಿಸುವುದು ಅವಳು ಕಾದ ಆ ಹೊತ್ತು. ಮಾತಿನ ಸರದಿ ಗೊತ್ತಿರುವ ಜೀವಿ ಮಾತ್ರ ಹಾಗೆ ಕಾಯಬಲ್ಲದು.

ಸ್ಪರ್ಮ್ ತಿಮಿಂಗಿಲ ಹಾಡುವುದಿಲ್ಲ, ಕ್ಲಿಕ್ಕಿಸುತ್ತದೆ. ಪ್ರಾಣಿಲೋಕದಲ್ಲಿ ಇದಕ್ಕಿಂತ ಜೋರಿನ ದನಿ ಇಲ್ಲ. ಕತ್ತಲೆಯ ಆಳದಲ್ಲಿ ಬೇಟೆ ಹುಡುಕಲು ಬಿಡುವ ಕ್ಲಿಕ್ಕುಗಳು ಬೇರೆ. ಮೇಲೆ ಬಂದು ಬಳಗದವರ ನಡುವೆ ಇರುವಾಗ ಬಿಡುವ ಕ್ಲಿಕ್ಕಿನ ಕಟ್ಟುಗಳು ಬೇರೆ. ಈ ಕಟ್ಟಿಗೆ ಕೋಡಾ ಎನ್ನುತ್ತಾರೆ. ಕೆರಿಬಿಯನ್‌ನ ಡೊಮಿನಿಕಾ ದ್ವೀಪದ ಬಳಿಯ ಕುಲವೊಂದರ ಗುರುತಿನ ಕೋಡಾ ಹೀಗಿದೆ: ಟಕ್, ತಡೆ, ಟಕ್, ತಡೆ, ಟಕ್‌ಟಕ್‌ಟಕ್. ಬೇರೆ ಕುಲಕ್ಕೆ ಬೇರೆ ಲಯ. ಒಂದೇ ಕಡಲಲ್ಲಿ ಓಡಾಡಿದರೂ ಒಂದು ಕುಲದವರು ಇನ್ನೊಂದು ಕುಲದವರ ಜತೆ ಸಾಮಾನ್ಯವಾಗಿ ಕೂಡುವುದಿಲ್ಲ.

ಪ್ರತ್ಯೂಷಾ ಶರ್ಮಾ ಮತ್ತು ಸಂಗಡಿಗರು ಡೊಮಿನಿಕಾದ 8,719 ಕೋಡಾಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. 18 ಲಯಗಳು, 5 ಗತಿಗಳು. ಜತೆಗೆ ಎದುರಿನವರಿಗೆ ತಕ್ಕಂತೆ ತುಸು ಎಳೆಯುವುದು, ಕೊನೆಗೆ ಒಂದು ಕ್ಲಿಕ್ಕನ್ನು ಹೆಚ್ಚಿಗೆ ಸೇರಿಸುವುದು. ಇವು ಕೂಡಿ 143 ಜೋಡಣೆಗಳು ಮತ್ತೆ ಮತ್ತೆ ಬರುತ್ತವೆ. ಕರ್ನಾಟಕ ಸಂಗೀತದ ಲಯ ಬಲ್ಲವರಿಗೆ ಈ ವಿಂಗಡಣೆ ಚೆನ್ನಾಗಿಯೇ ಹಿಡಿಸೀತು.

ಬೆಂಗಳೂರಿನ ಪೊಲೀಸರಿಗೆ ಸ್ಪರ್ಮ್ ತಿಮಿಂಗಿಲದ ಪರಿಚಯ ಬೇರೆ ರೀತಿಯದು. ಪತ್ರಿಕೆಗಳಲ್ಲಿ 'ತಿಮಿಂಗಿಲ ವಾಂತಿ' ಎಂದು ಬರುವ ಅಂಬರ್‌ಗ್ರೀಸ್ ಈ ಪ್ರಾಣಿಯ ಕರುಳಿನಲ್ಲಿ ಹುಟ್ಟುವ ವಸ್ತು. ಅದನ್ನು ಮಾರಲು ಹೋಗಿ ನಗರದಲ್ಲಿ ಸಿಕ್ಕಿಬಿದ್ದವರು ಹಲವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕೊಳ್ಳಲು ಬನ್ನಿ ಎಂದು ಯಾರಾದರೂ ಕರೆದರೆ ದೂರವಿರಿ.

ಓರ್ಕಾಗಳಲ್ಲಿ ತಾಯಿಯ ಮನೆತನಕ್ಕೊಂದು ನುಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ಫೋರ್ಡ್ ವರ್ಷಗಟ್ಟಲೆ ಕೇಳಿ, ಒಂದೊಂದು ಗುಂಪಿಗೂ ತನ್ನದೇ ಕೂಗುಗಳ ಗಂಟಿದೆ ಎಂದು ತೋರಿಸಿದರು. ಮರಿಗಳು ಅದನ್ನು ತಾಯಿಯಿಂದ ಕಲಿಯುತ್ತವೆ. ನುಡಿ ಕೇಳಿದರೆ ಮನೆತನ ತಿಳಿಯುತ್ತದೆ.

ಬಾಟಲ್‌ನೋಸ್ ಡಾಲ್ಫಿನ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿಯೊಂದೂ ಎಳವೆಯಲ್ಲೇ ತನಗೊಂದು ಸಿಳ್ಳೆ ಕಟ್ಟಿಕೊಳ್ಳುತ್ತದೆ. 1965ರಿಂದಲೇ ಇದು ಗೊತ್ತಿತ್ತು. ಒಂದರ ಸಿಳ್ಳೆಯ ನಕಲನ್ನು ನೀರಿಗೆ ಬಿಟ್ಟರೆ ಆ ಡಾಲ್ಫಿನ್ನೇ ಓಗೊಡುತ್ತದೆ ಎಂದು ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಜಾನಿಕ್ 2013ರಲ್ಲಿ ತೋರಿಸಿದರು. ಇಪ್ಪತ್ತು ವರ್ಷ ಅಗಲಿದ್ದ ಒಡನಾಡಿಯ ಸಿಳ್ಳೆಯನ್ನೂ ಡಾಲ್ಫಿನ್ ಮರೆಯುವುದಿಲ್ಲ. ಕಾರವಾರದ ಕಾಳಿ ನದಿಯ ಅಳಿವೆಯ ಬಳಿ ಕಾಣುವ ಡಾಲ್ಫಿನ್‌ಗಳು ಬೇರೆ ಜಾತಿಯವು, ಹಂಪ್‌ಬ್ಯಾಕ್ ಡಾಲ್ಫಿನ್‌ಗಳು. ಸಿಳ್ಳೆ, ಕ್ಲಿಕ್ಕು ಎರಡೂ ಅವುಗಳಿಗೆ ಬರುತ್ತವೆ.

ಹಾಗಾದರೆ ತಿಮಿಂಗಿಲಕ್ಕೆ ಭಾಷೆ ಇದೆಯೇ? 2025ರಲ್ಲಿ ಬಂದ ಅಧ್ಯಯನವೊಂದು ನ್ಯೂ ಕ್ಯಾಲಿಡೋನಿಯಾದ ಹಂಪ್‌ಬ್ಯಾಕ್ ಹಾಡುಗಳಲ್ಲಿ ಮನುಷ್ಯ ಭಾಷೆಗಳೆಲ್ಲದರಲ್ಲೂ ಕಾಣುವ ಒಂದು ಲೆಕ್ಕಾಚಾರವನ್ನು ಕಂಡಿತು: ಕೆಲವೇ ತುಣುಕುಗಳು ತುಂಬ ಸಲ, ಬಹಳಷ್ಟು ತುಣುಕುಗಳು ಅಪರೂಪಕ್ಕೆ. ಹೀಗಿದ್ದರೆ ಕಲಿಯುವುದು ಸುಲಭ. ಆದರೆ ಲೆಕ್ಕ ಹೊಂದಿತು ಎಂದಮಾತ್ರಕ್ಕೆ ತುಣುಕಿಗೆ ನಮ್ಮ ಪದದಂತೆ ಅರ್ಥವಿದೆ ಎಂದಲ್ಲ. ಅದನ್ನು ಬರೆದವರೇ ಸ್ಪಷ್ಟವಾಗಿ ಹೇಳಿದ್ದಾರೆ. ತಿಮಿಂಗಿಲದ ನುಡಿಯನ್ನು ಯಂತ್ರ ಇನ್ನೇನು ಅನುವಾದಿಸಿಬಿಡುತ್ತದೆ ಎಂಬ ಸುದ್ದಿ ಓದಿದಾಗೆಲ್ಲ ನಾನು ಒಂದನ್ನು ಹುಡುಕುತ್ತೇನೆ: ಕೇಳಿದ ತಿಮಿಂಗಿಲ ಏನು ಮಾಡಿತು? ಅದಿಲ್ಲದೆ ಯಾವ ಅರ್ಥವನ್ನೂ ಒಪ್ಪಲಾರೆ.

ತಿಮಿಂಗಿಲದ ಹಾಡು ಕೇಳಿದ ಕಿವಿಯೇ ಆನೆಯ ಗುಟ್ಟನ್ನೂ ಹಿಡಿಯಿತು. ಹಂಪ್‌ಬ್ಯಾಕ್ ಹಾಡು ವರ್ಷವರ್ಷ ಬದಲಾಗುವುದನ್ನು ಕಂಡುಕೊಂಡ ಕೇಟಿ ಪೇನ್ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ, ಕಿವಿಗೆ ಏನೂ ಕೇಳದಿದ್ದರೂ ಗಾಳಿ ಅದುರಿದಂತೆ ಅನಿಸಿತು. ಧ್ವನಿಮುದ್ರಣವನ್ನು ವೇಗ ಹೆಚ್ಚಿಸಿ ಕೇಳಿದರೆ ಆನೆಗಳು ನಮ್ಮ ಕಿವಿಗೆ ನಿಲುಕದಷ್ಟು ಕೆಳಗಿನ ಸ್ವರದಲ್ಲಿ ಗುಡುಗುತ್ತಿದ್ದವು. 1986ರಲ್ಲಿ ಅದು ಪ್ರಕಟವಾಯಿತು.

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2009ರಲ್ಲಿ ಕಾಡಾನೆಗಳ ದನಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಘೀಳು, ಚಿಲಿಪಿಲಿಯಂಥ ಗಿಡ್ಡ ದನಿ, ಅಬ್ಬರ, ಗುಡುಗು. ಯಾವುದು ಯಾವ ಸಂದರ್ಭಕ್ಕೆ ಎಂದೂ ನೋಡಿದರು. ಬಾಗಲೂರಿಗೆ ಇನ್ನೂ ಹತ್ತಿರದ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದವರು 2009ರಿಂದ ಕಬಿನಿಯ ಆನೆಗಳನ್ನು ಕಿವಿಯ ಹರಕು, ಬಾಲದ ಕೂದಲು, ದಂತ ನೋಡಿ ಒಂದೊಂದಾಗಿ ಗುರುತಿಸಿ ಯಾರು ಯಾರ ಬಳಗ ಎಂದು ಬರೆದಿಡುತ್ತಿದ್ದಾರೆ. ಕೂಗಿದ್ದು ಯಾರು, ಕೇಳಿದ್ದು ಯಾರು ಎಂದು ತಿಳಿಯದೆ ಕೂಗಿನ ಅರ್ಥ ತಿಳಿಯಲಾಗದು. ಅದಕ್ಕೇ ಈ ಬಗೆಯ ಕೆಲಸಕ್ಕೆ ಅಷ್ಟು ಬೆಲೆ.

ಬಂಡೀಪುರದ ಮಂಗಗಳು ಮನುಷ್ಯರಿಗೆಂದೇ ಒಂದು ರೂಢಿ ಬೆಳೆಸಿಕೊಂಡಿವೆ. ತಿಂಡಿ ಹಿಡಿದವರತ್ತ ಕೈ ಚಾಚಿ 'ಕೂ' ಎನ್ನುತ್ತವೆ. ಆ ವ್ಯಕ್ತಿ ತಿರುಗಿ ನೋಡುತ್ತಾರೋ ಇಲ್ಲವೋ ಎಂದು ಕಾಯುತ್ತವೆ. ಇದು 2018ರಲ್ಲಿ ಪ್ರಕಟವಾಗಿದೆ.

ಬಾಗಲೂರಿನಿಂದ ನೇರ ಉತ್ತರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು. ಅಲ್ಲಿನ ಪೊದೆಗಳಲ್ಲಿ ಮರಜೀರುಂಡೆಯೊಂದಿದೆ, ಹೆಸರು ಈಕ್ಯಾಂತಸ್ ಹೆನ್ರಿ. ಸಂಜೆಯಾದರೆ ಗಂಡು ಕರೆಯುತ್ತದೆ, ಹೆಣ್ಣು ದನಿ ಹಿಡಿದು ಬರುತ್ತದೆ. ಜೋರು ದನಿಯತ್ತ ಹೆಣ್ಣಿಗೆ ಒಲವು. ದನಿ ಸಣ್ಣದಿರುವ ಗಂಡು ಏನು ಮಾಡಬೇಕು? ಎಲೆಯ ನಡುವೆ ತನ್ನ ರೆಕ್ಕೆಯ ಅಳತೆಯ ತೂತು ಕಚ್ಚಿ ಕೊರೆಯುತ್ತದೆ. ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಯ ಮಟ್ಟಕ್ಕೆ ಹರಡಿ ಕೂಗುತ್ತದೆ. ರೆಕ್ಕೆಯ ಎರಡು ಮಗ್ಗುಲಿನ ಅಲೆಗಳು ಒಂದನ್ನೊಂದು ಅಳಿಸಿಹಾಕುವುದನ್ನು ಎಲೆ ತಡೆಯುವುದರಿಂದ ದನಿ ಜೋರಾಗುತ್ತದೆ. ಹೆಣ್ಣು ಆಗ ದೊಡ್ಡ ಗಂಡಿಗೆ ಬಂದಷ್ಟೇ ಬರುತ್ತದೆ. ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಋತ್ತಿಕ್ ದೇಬ್ ಸಂಗಡಿಗರೊಂದಿಗೆ 2020ರಲ್ಲಿ ಇದನ್ನು ಪ್ರಕಟಿಸಿದರು.

ಗದ್ದಲ ಹೆಚ್ಚಿದರೆ ದನಿಯೂ ಏರಬೇಕಾಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಾಗಲೂರಿನ ಆಕಾಶಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲಲ್ಲಿ ಆ ಜಾಗ ಹಡಗಿನದು. ಸುತ್ತಲಿನ ಸದ್ದು ಒಂದು ಡೆಸಿಬೆಲ್ ಏರಿದರೆ ಓರ್ಕಾಗಳೂ ತಮ್ಮ ಕೂಗನ್ನು ಸುಮಾರು ಒಂದು ಡೆಸಿಬೆಲ್ ಏರಿಸುತ್ತವೆ. ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳ ಕೂಗು ಕೆಲವು ದಶಕಗಳಲ್ಲಿ ಮೇಲಿನ ಸ್ಥಾಯಿಗೆ ಸರಿದಿದೆ. ಆದರೆ ಇದಕ್ಕೊಂದು ಮಿತಿ ಇದೆ. ಮೊದಲೇ ಹೇಳಿದ, ಕೊಬ್ಬಿನ ದಿಂಬಿನ ಗುಟ್ಟು ಹಿಡಿದ 2024ರ ಅಧ್ಯಯನದ ಪ್ರಕಾರ ಹಲ್ಲಿಲ್ಲದ ತಿಮಿಂಗಿಲಗಳ ಧ್ವನಿಪೆಟ್ಟಿಗೆ ಸುಮಾರು 100 ಮೀಟರ್ ಆಳದವರೆಗೆ, ಸುಮಾರು 300 ಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡೀತು. ಹಡಗುಗಳ ಸದ್ದು ತುಂಬಿರುವುದೂ ಅಲ್ಲೇ. ತಪ್ಪಿಸಿಕೊಳ್ಳಲು ಜಾಗವಿಲ್ಲ.

ಕೆನಡಾದ ಫಂಡಿ ಕೊಲ್ಲಿಯಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಡಗು ಸಂಚಾರ ತಟಕ್ಕನೆ ಕುಗ್ಗಿತು. ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿನ ರೈಟ್ ತಿಮಿಂಗಿಲಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನಿನ ಅಂಶವೂ ಆಗ ಇಳಿದಿತ್ತು ಎಂದು ರೋಸಲಿಂಡ್ ರೋಲಂಡ್ ತಂಡ 2012ರಲ್ಲಿ ವರದಿ ಮಾಡಿತು.

ಹಡಗು ನಿಧಾನವಾಗಿ ಹೋದರೆ ಸದ್ದು ತಕ್ಷಣ ತಗ್ಗುತ್ತದೆ. ಪ್ಲಾಸ್ಟಿಕ್ಕಿನಂತೆ ಅದು ನೀರಲ್ಲಿ ಉಳಿಯುವುದಿಲ್ಲ. ವ್ಯಾಂಕೂವರ್ ಬಂದರಿನವರು 2017ರಿಂದ ಓರ್ಕಾಗಳ ದಾರಿಯಲ್ಲಿ ಹಡಗುಗಳ ವೇಗ ಇಳಿಸುವಂತೆ ಕೇಳಿಕೊಳ್ಳುತ್ತಿದ್ದಾರೆ, ಬಹಳಷ್ಟು ಹಡಗುಗಳು ಒಪ್ಪಿ ನಡೆಯುತ್ತಿವೆ. ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾದ ದಕ್ಷಿಣ ತೀರ. ಜಗತ್ತಿನ ಅತಿ ಗಿಜಿಗುಡುವ ಹಡಗು ಮಾರ್ಗಗಳಲ್ಲೊಂದು ಅಲ್ಲಿ ನೀಲಿ ತಿಮಿಂಗಿಲಗಳು ಉಣ್ಣುವ ಜಾಗದ ಮೇಲೇ ಹಾಯುತ್ತದೆ. ಡಿಕ್ಕಿ ಹೊಡೆದು ಸತ್ತ ತಿಮಿಂಗಿಲಗಳೂ ಸಿಕ್ಕಿವೆ. ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ 2022ರ ನಡುವಿನಿಂದ ತನ್ನ ಹಡಗುಗಳನ್ನು ಅಲ್ಲಿ ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿತು. ಕವರಟ್ಟಿಯಲ್ಲಿ ಮೈಕು ಹಿಡಿದದ್ದು ಈ ಬಳಗದ ಹಾಡನ್ನೇ.